ಇಲಿಮಾವನ ಸ್ಟೂಲು

ನಮ್ಮ ಸಂಸ್ಥೆಯ ಎರಡನೇ ಮಹಡಿಯಲ್ಲಿ ಮೆದುಳಿನ ಔಷಧಿಗಳ ಮೇಲೆ ಸಂಶೋಧನೆ ನಡೆಯುತ್ತದೆ. ಅಲ್ಲಿ ಬಹಳ ಓದಿದವರು ಮೂವತ್ತು ಜನ, ಹತ್ತನೇ ತರಗತಿಗೇ ಕೈಮುಗಿದು ಬಂದವರು ಇಬ್ಬರು. ಒಬ್ಬಳು ನಾನು, ಗಾಜಿನ ಸಾಮಾನು ತೊಳೆಯುವವಳು. ಇನ್ನೊಬ್ಬರು ಇಲಿಮಾವ, ಇಲಿ ಸಾಕುವವರು. ಓದಿದವರು ಬರುತ್ತಾರೆ, ನಾಲ್ಕು ವರ್ಷ ಇರುತ್ತಾರೆ, ಹೆಸರಿನ ಮುಂದೆ ಡಾಕ್ಟರ್ ಅಂಟಿಸಿಕೊಂಡು ಹೋಗುತ್ತಾರೆ. ನಾವಿಬ್ಬರು ಗೋಡೆಗೆ ಹೊಡೆದ ಮೊಳೆಯ ಹಾಗೆ ಅಲ್ಲೇ. ಅವರಿಗೆ ಇಪ್ಪತ್ತೆಂಟು ವರ್ಷವಾಯಿತು, ನನಗೆ ಹತ್ತೊಂಬತ್ತು.

ಹೆಸರು ಕೇಳಿ ಇಲಿಯಂಥ ಮನುಷ್ಯ ಅಂದುಕೊಳ್ಳಬೇಡಿ. ಆರಡಿ ಆಳು. ತಲೆಯ ಮೇಲೆ ಯಾವಾಗಲೂ ಬಿಳಿ ಬಟ್ಟೆಯ ಟೋಪಿ. ಮಂಡಿನೋವಿನಿಂದ ನಡಿಗೆಯಲ್ಲಿ ಸ್ವಲ್ಪ ಓಲಾಟ. ಮನುಷ್ಯರ ಜೊತೆ ಮಾತು ಅಳೆದೂ ಸುರಿದೂ ಆಡುತ್ತಾರೆ, ಇಲಿಗಳ ಹತ್ತಿರ ಮಾತ್ರ ಬೆಳಗಿನಿಂದ ಸಂಜೆಯವರೆಗೆ ಪುರಾಣ. ಇಲಿಗಳೆಲ್ಲ ಬಿಳಿ, ನಮ್ಮ ಕಣ್ಣಿಗೆ ಎಲ್ಲ ಒಂದೇ. ಗುರುತಿಗಾಗಿ ಬಾಲದ ಮೇಲೆ ಮಸಿಯಲ್ಲಿ ನಂಬರು ಬರೆದಿರುತ್ತಾರೆ. ಅವರು ಆ ನಂಬರನ್ನು ನೋಡುವುದೇ ಇಲ್ಲ. ಹಿಂಭಾಗ ನೋಡಿಯೇ 'ಇದು ಒಂಬತ್ತು, ಸೋಮಾರಿ' ಎನ್ನುತ್ತಾರೆ. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆಯನ್ನು ಜನ ತಮಾಷೆಗೆ ಹೇಳುತ್ತಾರಲ್ಲ, ಅದು ತಮಾಷೆಯಲ್ಲ ಎಂದು ನನಗೆ ತಿಳಿದದ್ದು ಇವರನ್ನು ನೋಡಿದ ಮೇಲೆ. ಇಲಿಗಳನ್ನು ಕೊಂದು ಮೆದುಳು ತೆಗೆದು ನೋಡುವ ದಿನಗಳೂ ಇರುತ್ತವೆ. ಆ ದಿನ ಇಲಿಮಾವ ರಜೆ ಹಾಕುತ್ತಾರೆ. ಯಾರೂ ಕಾರಣ ಕೇಳುವುದಿಲ್ಲ.

ಮನೆಯಲ್ಲಿ ಅವರ ಹೆಂಡತಿಗೆ ಇದೇ ಒಂದು ದೊಡ್ಡ ತಕರಾರು. ನಲವತ್ತು ಇಲಿಗಳ ಜಾತಕ ನೆನಪಿಟ್ಟುಕೊಳ್ಳುವ ಗಂಡನಿಗೆ ತನ್ನ ಕನ್ನಡಕ ಎಲ್ಲಿಟ್ಟೆ ಎಂಬುದು ನೆನಪಿರುವುದಿಲ್ಲ. ನೆನಪಿನ ಔಷಧಿ ಮಾಡುತ್ತೀರಂತೆ, ಮೊದಲು ಒಂದು ಬಾಟಲಿ ನಮ್ಮ ಮನೆಗೆ ಕಳಿಸಿ ಎಂದು ಆಕೆ ನನಗೇ ಎಷ್ಟೋ ಸಲ ಹೇಳಿದ್ದಾರೆ.

ಈ ನೆನಪಿನ ಔಷಧಿಯ ಹುಡುಗಿ ನಮ್ಮ ಮಹಡಿಗೆ ಬಂದು ಮೂರು ವರ್ಷವಾಗಿತ್ತು. ತೆಳ್ಳಗೆ, ಊಟದ ಪರಿವೆ ಇಲ್ಲದವಳು, ನಗುವಾಗ ಮಾತ್ರ ಮಗುವಿನ ಹಾಗೆ. ಅವಳ ಔಷಧಿಗೆ ಇನ್ನೂ ಹೆಸರಿರಲಿಲ್ಲ. ಮಾಡಿ ನೋಡಿದವುಗಳಲ್ಲಿ ಹದಿನೇಳನೆಯದು ಎಂದು ಎಲ್ಲರೂ 'ಹದಿನೇಳು' ಎನ್ನುತ್ತಿದ್ದರು. ಅದು ಏನು ಮಾಡುತ್ತದೆ ಎಂದು ನಾನೊಮ್ಮೆ ಕೇಳಿದೆ. ಅವಳು ಸಿಂಕಿನ ಪಕ್ಕ ನಿಂತು ತಾಳ್ಮೆಯಿಂದ ಹೇಳಿದಳು. ಮೆದುಳಿನ ಒಂದು ಜೀವಕೋಶ ಇನ್ನೊಂದಕ್ಕೆ ಸುದ್ದಿ ಮುಟ್ಟಿಸಲು ಅಸಿಟೈಲ್‌ಕೋಲಿನ್ ಎಂಬ ರಸ ಬಿಡುತ್ತದೆಯಂತೆ. ಸುದ್ದಿ ಮುಟ್ಟಿದ ಕೂಡಲೇ ಇನ್ನೊಂದು ವಸ್ತು ಬಂದು ಆ ರಸವನ್ನು ತೊಳೆದುಹಾಕುತ್ತದೆಯಂತೆ. ವಯಸ್ಸಾದಂತೆ ರಸ ಊರುವುದು ಕಡಿಮೆಯಾಗುತ್ತದೆ, ತೊಳೆಯುವ ಚುರುಕು ಮಾತ್ರ ಹಾಗೇ ಇರುತ್ತದೆ. ಸುದ್ದಿ ಪೂರ್ತಿ ಮುಟ್ಟುವ ಮೊದಲೇ ಎಲ್ಲ ತೊಳೆದು ಹೋಗಿರುತ್ತದೆ. ಹದಿನೇಳು ಆ ತೊಳೆಯುವುದನ್ನು ಸ್ವಲ್ಪ ನಿಧಾನ ಮಾಡುತ್ತದೆ.

ನನಗೋ ಮೂಗಿನ ತುದಿಯಲ್ಲೇ ಕೋಪ. "ಅಲ್ಲಮ್ಮಾ, ಜನಕ್ಕೆ ಮರೆವು ಬಂದ್ರೆ ಅದಕ್ಕೂ ತೊಳೆಯೋಳ ಮೇಲೇ ತಪ್ಪು ಹೊರಿಸ್ತೀರಾ?" ಎಂದೆ. ಅವಳು ಬಿದ್ದು ಬಿದ್ದು ನಕ್ಕಳು. ಆಮೇಲೆ ಗಂಭೀರವಾಗಿ ಇನ್ನೊಂದು ಮಾತು ಹೇಳಿದಳು. ಹಿಂದಿನ ವರ್ಷ ಹತ್ತು ಮುದಿ ಇಲಿಗಳ ಮೆದುಳನ್ನು ನೋಡಿದಾಗ, ಹದಿನೇಳು ಕುಡಿದವುಗಳಲ್ಲಿ ಜೀವಕೋಶಗಳು ಹೆಚ್ಚು ಉಳಿದಿದ್ದವಂತೆ. ಅಂದರೆ ಅದು ನೆನಪಿಗೆ ಊರುಗೋಲಷ್ಟೇ ಅಲ್ಲ, ಮೆದುಳಿಗೆ ಕಾವಲೂ ಹೌದು ಎಂಬುದು ಅವಳ ನಂಬಿಕೆ. ಆದರೆ ನಂಬಿಕೆ ಯಾರಿಗೆ ಬೇಕು? ಅವಳ ಪ್ರೊಫೆಸರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. ಜೀವಕೋಶ ಉಳಿದು ನೆನಪೇ ಉಳಿಯದಿದ್ದರೆ ಏನು ಬಂತು, ಮೊದಲು ಇಲಿಗೆ ನೆನಪಿದೆ ಎಂದು ತೋರಿಸು ಎಂದು.

ತೋರಿಸುವ ಜಾಗ ಎಂದರೆ ತೊಟ್ಟಿಯ ಕೋಣೆ. ಒಂದು ಮಾರು ಅಗಲದ ದುಂಡು ತೊಟ್ಟಿ, ಬಿಳಿ ಬಣ್ಣ ಕದಡಿದ ಉಗುರುಬೆಚ್ಚಗಿನ ನೀರು. ನೀರಿನೊಳಗೆ ಒಂದು ಬೆರಳು ಕೆಳಗೆ ಅಂಗೈಯಗಲದ ಮಣೆ, ಮೇಲಿನಿಂದ ಕಾಣುವುದಿಲ್ಲ. ಇಲಿಗೆ ಈಜು ಬರುತ್ತದೆ, ಆದರೆ ಇಷ್ಟವಿಲ್ಲ. ಸುತ್ತಾಡಿ ಸುತ್ತಾಡಿ ಒಮ್ಮೆ ಮಣೆ ಕಾಲಿಗೆ ಸಿಕ್ಕಿದರೆ ಹತ್ತಿ ಕೂರುತ್ತದೆ. ಮರುದಿನ ಬೇರೆ ದಿಕ್ಕಿನಿಂದ ನೀರಿಗೆ ಬಿಡುತ್ತಾರೆ. ಕಿಟಕಿ ಇಲ್ಲಿ, ಗೋಡೆಯ ಮೇಲಿನ ಕಪ್ಪು ತ್ರಿಕೋನ ಅಲ್ಲಿ, ಹಾಗಾದರೆ ಮಣೆ ಇಂಥಲ್ಲಿ ಎಂದು ಇಲಿ ಲೆಕ್ಕ ಹಾಕಿ ಹೋಗಬೇಕು. ಎಳೆಯ ಇಲಿ ಹೋಗುತ್ತದೆ. ಮುದಿ ಇಲಿಗೆ ಅದೇ ಕಷ್ಟ. ಮೇಲೆ ಕ್ಯಾಮೆರಾ ಇದೆ, ಪಕ್ಕದ ಕೋಣೆಯ ಕಂಪ್ಯೂಟರಿನಲ್ಲಿ ಇಲಿ ಈಜಿದ ದಾರಿ ಗೆರೆಯಾಗಿ ಮೂಡಿ ಕಾಗದದ ಮೇಲೆ ಅಚ್ಚಾಗಿ ಬರುತ್ತದೆ. ಹುಡುಗಿ ಕೂರುವುದು ಅಲ್ಲಿ. ಇಲಿ ಬಿಡುವುದು, ಎತ್ತುವುದು, ಒರೆಸುವುದು ಇಲಿಮಾವನ ಕೆಲಸ.

ನಲವತ್ತು ಮುದಿ ಇಲಿಗಳು. ಇಪ್ಪತ್ತಕ್ಕೆ ನೀಲಿ ಮುಚ್ಚಳದ ಬಾಟಲಿಯ ಮದ್ದು, ಇಪ್ಪತ್ತಕ್ಕೆ ಹಳದಿ ಮುಚ್ಚಳದ್ದು. ಒಂದರಲ್ಲಿ ಹದಿನೇಳು, ಇನ್ನೊಂದರಲ್ಲಿ ಬರೀ ಸಕ್ಕರೆ ನೀರು. ಯಾವುದರಲ್ಲಿ ಯಾವುದು ಎಂಬುದು ಪ್ರೊಫೆಸರ ಬೀರುವಿನೊಳಗಿನ ಅಂಟಿಸಿದ ಲಕೋಟೆಗೆ ಮಾತ್ರ ಗೊತ್ತು. ಹುಡುಗಿಗೂ ಗೊತ್ತಿಲ್ಲ, ಇಲಿಮಾವನಿಗೂ ಗೊತ್ತಿಲ್ಲ. ಎರಡು ತಿಂಗಳು ಇಲಿಮಾವ ಬೆಳಿಗ್ಗೆ ಬೆಳಿಗ್ಗೆ ಒಂದೊಂದನ್ನೂ ಎತ್ತಿಕೊಂಡು ಬಾಯಿಗೆ ತೊಟ್ಟು ಹಾಕಿದರು. ಆಮೇಲೆ ಹತ್ತು ದಿನ ತೊಟ್ಟಿ.

ಬಂದ ಫಲ ನೋಡಿ ಹುಡುಗಿ ಮಂಕಾದಳು. ನೀಲಿಯವೂ ನೆಟ್ಟಗೆ ಮಣೆಗೆ, ಹಳದಿಯವೂ ನೆಟ್ಟಗೆ ಮಣೆಗೆ. ಎಲ್ಲ ಮುದುಕಪ್ಪಗಳೂ ಹದಿನೈದೇ ಸೆಕೆಂಡಿನಲ್ಲಿ ದಡ ಸೇರಿದ್ದವು. ಲಕೋಟೆ ಒಡೆಯುವ ಅಗತ್ಯವೇ ಇರಲಿಲ್ಲ, ಎರಡಕ್ಕೂ ವ್ಯತ್ಯಾಸವೇ ಇಲ್ಲವಲ್ಲ. ಮಹಡಿಯ ಜನ ಇಲಿಮಾವನ ಬೆನ್ನು ತಟ್ಟಿದರು. ಅವರ ಕೈಯಲ್ಲಿ ಬೆಳೆದ ಇಲಿಗೆ ಮುಪ್ಪೇ ಬರುವುದಿಲ್ಲ ಎಂದರು. ಅವರೂ ನಾಚಿಕೊಂಡು ಟೋಪಿ ಸರಿಮಾಡಿಕೊಂಡರು. ಹುಡುಗಿಯ ಪಾಲಿಗೆ ಮಾತ್ರ ಮೂರು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಮುಂದಿನ ಸೋಮವಾರ ಸಮಿತಿ ಕೂರುವುದಿತ್ತು. ಹದಿನೇಳನ್ನು ಮುಂದುವರಿಸಬೇಕೋ ಮೂಟೆ ಕಟ್ಟಬೇಕೋ ಎಂದು ಅಂದೇ ತೀರ್ಮಾನ. ಮೂಟೆ ಕಟ್ಟಿದರೆ ಅವಳು ಬೇರೆ ವಿಷಯ ಹಿಡಿದು ಮೊದಲಿನಿಂದ ಶುರು ಮಾಡಬೇಕು.

ಆ ಹತ್ತು ದಿನದ ನಡುವೆ ಒಂದು ದಿನ ಮಾತ್ರ ಎಡವಟ್ಟಾಗಿತ್ತು. ಇಲಿಮಾವನ ಬಲಗಣ್ಣಿಗೆ ಪೊರೆ ತೆಗೆಸುವ ಆಪರೇಷನ್ ಇತ್ತು, ಎರಡು ದಿನ ರಜೆ. ಮೊದಲ ದಿನ ಹುಡುಗಿ ತಾನೇ ಇಲಿ ಬಿಟ್ಟು, ಕಂಪ್ಯೂಟರಿನ ಕೋಣೆಗೆ ಓಡಿ, ಮತ್ತೆ ಓಡಿ ಬಂದು ಎತ್ತಿ ಸುಸ್ತಾದಳು. ಪಂಜರಗಳ ಮೇಲಿನ ಸಾಲಿನ ಮೊದಲ ಹದಿನಾಲ್ಕು ಇಲಿಗಳನ್ನು ಬಿಟ್ಟದ್ದಾಯಿತು, ಅವೆಲ್ಲ ಹಳದಿಯವು. ಒಂದೂ ಸರಿಯಾಗಿ ಮಣೆ ಸೇರಲಿಲ್ಲ. ತನ್ನ ಹೊಸ ಕೈಗೆ ಹೆದರಿವೆ ಎಂದುಕೊಂಡು ಅವಳು ಅಲ್ಲಿಗೇ ನಿಲ್ಲಿಸಿ, ಆ ಕಾಗದಗಳನ್ನು ರದ್ದಿಗೆ ಹಾಕಿದಳು. ಇಲಿಮಾವ ಬಂದ ಮೇಲೆ ಎಲ್ಲ ಮೊದಲಿನಂತಾಯಿತು.

ನಮ್ಮ ಮಹಡಿಯ ರದ್ದಿ ಎಲ್ಲ ಬರುವುದು ನನ್ನ ಹತ್ತಿರ. ತೊಳೆದ ಗಾಜನ್ನು ಕವುಚಿಡುವ ತಟ್ಟೆಗಳಿಗೆ ನಾನು ಅದನ್ನೇ ಹಾಸುವುದು. ಬುಧವಾರ ಚಹಾದ ಹೊತ್ತಿಗೆ ಇಲಿಮಾವ ಕಪ್ಪು ಕನ್ನಡಕ ಹಾಕಿಕೊಂಡು ನನ್ನ ಸಿಂಕಿನ ಹತ್ತಿರ ಬಂದು ಕೂತರು. ಹೊಸ ಕಣ್ಣು ಹೇಗಿದೆ ಎಂದೆ. ನಿನ್ನ ಮುಖದ ಸುಕ್ಕೆಲ್ಲ ಈಗ ಕಾಣುತ್ತಿದೆ ಎಂದರು. ಬೈಯಲು ಬಾಯಿ ತೆರೆದೆ, ಅಷ್ಟರಲ್ಲಿ ಅವರು ಕನ್ನಡಕ ತೆಗೆದು ತಟ್ಟೆಯ ಮೇಲೆ ಬಗ್ಗಿದ್ದರು. ಎರಡು ಬೀಕರುಗಳ ನಡುವೆ ಒಂದು ಕಾಗದ, ತಲೆಯಲ್ಲಿ ಹದಿನಾಲ್ಕು ಎಂಬ ನಂಬರು, ವೃತ್ತದ ತುಂಬ ಸಿಕ್ಕುಗಟ್ಟಿದ ದಾರದಂಥ ಗೆರೆ.

ಇದು ಯಾವತ್ತಿನದು ಎಂದು ಕೇಳಿದರು. ನೀವು ಇಲ್ಲದ ದಿನದ್ದು, ಪಾಪ, ಹುಡುಗಿಯ ಕೈಗೆ ಹೆದರಿದ್ದಂತೆ ಎಂದೆ. ಅವರು ಬಹಳ ಹೊತ್ತು ನೋಡಿದರು. ಬೀಕರುಗಳನ್ನು ಒಂದೊಂದಾಗಿ ಸರಿಸಿ ಉಳಿದ ಕಾಗದಗಳನ್ನೂ ನೋಡಿದರು.

"ಹೆದರಿದ ಇಲಿ ಗೋಡೆ ಬಿಡಲ್ಲ ತಂಗಿ, ಅಂಚಿಗೆ ಅಂಟ್ಕೊಂಡೇ ಸುತ್ತುತ್ತೆ. ಇದು ನಡುವೆಲ್ಲ ಅಡ್ಡಾಡಿದೆ. ಇದು ಹೆದರಿಲ್ಲ, ಹುಡುಕ್ತಾ ಇದೆ," ಎಂದರು.

ಆ ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡು ಎದ್ದು ಹೋದರು. ಚಹಾ ಆರಿ ಹೋಯಿತು.

ಮರುದಿನ ಬೆಳಿಗ್ಗೆ ಯಾರೂ ಬರುವ ಮೊದಲು ನನ್ನನ್ನು ತೊಟ್ಟಿಯ ಕೋಣೆಗೆ ಕರೆದರು. ಅಲ್ಲೊಂದು ಮರದ ಸ್ಟೂಲು ಇದೆ. ಇಲಿಯನ್ನು ನೀರಿಗೆ ಬಿಟ್ಟ ಮೇಲೆ ಬಿಟ್ಟವರು ಪರದೆಯ ಹಿಂದೆ ಹೋಗಬೇಕು ಎಂಬುದು ಕೋಣೆಯ ನಿಯಮ. ಪರದೆ ಹರಿದು ನಾಲ್ಕು ವರ್ಷವಾಗಿತ್ತು. ಹೊಸದು ಬರುತ್ತದೆ ಬರುತ್ತದೆ ಎನ್ನುತ್ತಲೇ ಇದ್ದರು. ಅಲ್ಲಿಯತನಕ ಇರಲಿ ಎಂದು ಇಲಿಮಾವ ಸ್ಟೂಲು ಹಾಕಿಕೊಂಡಿದ್ದರು. ಹಾಕಿಕೊಂಡದ್ದು ಎಲ್ಲಿ? ಮಣೆ ಇರುವ ಕಡೆಗೇ, ಕೈಚಾಚಿದರೆ ಇಲಿ ಸಿಗುವಂತೆ, ಮಂಡಿಗೆ ಸುಖವಾಗುವಂತೆ. ಕ್ಯಾಮೆರಾಕ್ಕೆ ತೊಟ್ಟಿಯಷ್ಟೇ ಕಾಣುತ್ತದೆ, ಸ್ಟೂಲು ಕಾಣುವುದಿಲ್ಲ. ಅವರು ಅಲ್ಲಿ ಕೂರುತ್ತಾರೆ ಎಂಬುದು ಹುಡುಗಿಗೆ ಗೊತ್ತೇ ಇರಲಿಲ್ಲ. ಅವರು ಮುಚ್ಚಿಟ್ಟದ್ದೂ ಅಲ್ಲ, ಯಾರೂ ಕೇಳಿರಲಿಲ್ಲ ಅಷ್ಟೇ. ಮುಳುಗುವ ಭಯದಲ್ಲಿರುವ ಜೀವಕ್ಕೆ ಯಾರಾದರೂ ಒಬ್ಬರು ಕಣ್ಣಿಗೆ ಬೀಳಬೇಕಲ್ಲ ಎಂಬುದು ಅವರ ನ್ಯಾಯ.

ಅಂದು ಅವರು ಸ್ಟೂಲನ್ನು ಎತ್ತಿ ಎದುರು ಬದಿಗೆ ಇಟ್ಟರು. ಹದಿನಾಲ್ಕನ್ನು ನೀರಿಗೆ ಬಿಟ್ಟು ಹೋಗಿ ಕೂತರು. ಇಲಿ ತಲೆಯೆತ್ತಿ ಒಮ್ಮೆ ನೋಡಿತು. ತೊಟ್ಟಿಯ ಅಂಚಿನ ಮೇಲೆ ಆ ಬಿಳಿ ಟೋಪಿ ಕಂಡಿತು. ಬಾಣ ಬಿಟ್ಟ ಹಾಗೆ ಅವರತ್ತ ಈಜಿತು. ಅವರ ಕಾಲಬುಡದ ನೀರಿನಲ್ಲಿ ಮಣೆ ಹುಡುಕಿತು, ಇಲ್ಲ. ಒಂದು ಸುತ್ತು ಬಂತು, ಮತ್ತೆ ಅಲ್ಲಿಗೇ. ಮುಂಗಾಲುಗಳಿಂದ ಗೋಡೆ ಕೆರೆದು ಅವರ ಮುಖ ನೋಡಿತು. ಮಣೆ ಹಿಂದೆ ಇದ್ದಲ್ಲೇ ಇತ್ತು, ಅತ್ತ ಅದು ತಿರುಗಲೂ ಇಲ್ಲ.

ಇಲಿಮಾವ ಅದನ್ನು ಎತ್ತಿ ಟವೆಲಿನಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡರು. ಮುಖ ಬಿಳಚಿಕೊಂಡಿತ್ತು, ಆದರೆ ತುಟಿಯ ತುದಿಯಲ್ಲಿ ಒಂದು ಚೂರು ನಗುವೂ ಇತ್ತು. ಸಂತೋಷ, ನಾಚಿಕೆ ಎರಡೂ ಒಟ್ಟಿಗೆ ಬಂದ ಮನುಷ್ಯನ ಮುಖವನ್ನು ನಾನು ನೋಡಿದ್ದು ಅದೇ ಮೊದಲು. ಈ ಇಲಿಗಳು ಮಣೆಯನ್ನು ನೆನಪಿಟ್ಟುಕೊಂಡೇ ಇರಲಿಲ್ಲ. ಇಲಿಮಾವನ ಕಡೆ ಹೋದರೆ ಕಾಲಿಗೆ ನೆಲ ಸಿಗುತ್ತದೆ ಎಂಬುದಷ್ಟೇ ಅವಕ್ಕೆ ಗೊತ್ತಿತ್ತು. ಕಣ್ಣೆದುರಿಗೆ ಇರುವುದರ ಕಡೆಗೆ ಹೋಗಲು ಮುದಿ ಮೆದುಳಿಗೂ ಕಷ್ಟವಿಲ್ಲ, ಅದಕ್ಕೆ ಔಷಧಿಯೂ ಬೇಡ. ನೀಲಿ, ಹಳದಿ ಎರಡೂ ಒಂದೇ ಆಗಿ ಕಂಡದ್ದು ಅದಕ್ಕೇ.

ಈಗ ನನ್ನ ಬುದ್ಧಿ ಎಂಥದ್ದು ಎಂದು ಹೇಳಿಬಿಡುತ್ತೇನೆ, ಮುಚ್ಚುಮರೆ ಏಕೆ. ಬಾಯಿ ಮುಚ್ಚಿಕೊಂಡಿರಿ ಎಂದೆ. ನಿವೃತ್ತಿಗೆ ಐದು ತಿಂಗಳಿದೆ, ಇಪ್ಪತ್ತೆಂಟು ವರ್ಷದ ಹೆಸರಿದೆ, ಸ್ಟೂಲನ್ನು ಹೊರಗೆ ಹಾಕಿ ಕೈತೊಳೆದುಕೊಳ್ಳಿ, ಯಾರಿಗೆ ಗೊತ್ತಾಗುತ್ತದೆ ಎಂದೆ. ನಾಲ್ಕು ವರ್ಷ ಇಲ್ಲಿ ಓದಿದವರ ಎಷ್ಟು ಲೆಕ್ಕಗಳ ಮೇಲೆ ಅವರು ಹೀಗೆ ಕೂತಿದ್ದರೋ ಎಂಬುದೂ ನನ್ನ ತಲೆಯಲ್ಲಿತ್ತು. ಅವರು ಹದಿನಾಲ್ಕರ ಕಿವಿ ಒರೆಸುತ್ತಾ ಕೇಳಿಸಿಕೊಂಡರು.

"ಸೋಮವಾರ ಆ ಮಗೂನ ಮೂರು ವರ್ಷ ತಿಪ್ಪೆಗೆ ಹೋಗುತ್ತೆ. ಔಷಧಿ ಕೆಟ್ಟದ್ದಾಗಿದ್ರೆ ಹೋಗ್ಲಿ. ನಾನು ಅಡ್ಡ ಕೂತಿದ್ದಕ್ಕೆ ಹೋಗಬಾರ್ದು," ಎಂದರು.

ಹುಡುಗಿ ಬಂದ ಕೂಡಲೇ ಹೋಗಿ ಹೇಳಿದರು. ನಾನೂ ಹಿಂದೆ ನಿಂತಿದ್ದೆ, ಬೈದರೆ ತಿರುಗಿ ಬೈಯೋಣ ಎಂದು. ಅವಳು ಬೈಯಲಿಲ್ಲ. ಕುರ್ಚಿಯಲ್ಲಿ ಕೂತು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಅಳುತ್ತಿದ್ದಾಳೆ ಎಂದು ನಾನು ನೀರು ತಂದೆ. ಕೈ ತೆಗೆದಾಗ ನೋಡಿದರೆ ಕಣ್ಣು ಒಣಗಿತ್ತು, ಏನೋ ಯೋಚಿಸುತ್ತಿದ್ದಳು. ಪರದೆ ಕಟ್ಟಿ ಹೊಸದಾಗಿ ಹತ್ತು ದಿನ ಮಾಡಲು ಸಮಯವಿಲ್ಲ. ಆದರೆ ಈ ತಪ್ಪನ್ನೇ ಪರೀಕ್ಷೆ ಮಾಡಿಕೊಳ್ಳಬಹುದಲ್ಲ ಎಂದಳು. ಮಣೆ ತನ್ನ ಜಾಗದಲ್ಲೇ ಇರಲಿ, ಇಲಿಮಾವ ಎದುರು ಬದಿಗೆ ಕೂರಲಿ. ಜಾಗವನ್ನು ನಿಜವಾಗಿ ನೆನಪಿಟ್ಟುಕೊಂಡ ಇಲಿ ಮಣೆಗೆ ಹೋಗುತ್ತದೆ, ನೆನಪಿಲ್ಲದ್ದು ಅವರ ಹತ್ತಿರ ಬರುತ್ತದೆ.

"ಆದ್ರೆ ಮಾವ, ಹತ್ತಿರ ಬಂದ್ರೂ ನೀವು ಕೈ ಕೊಡೋ ಹಾಗಿಲ್ಲ. ಒಂದು ನಿಮಿಷ ಪೂರ್ತಿ ಸುಮ್ನೆ ಕೂತಿರಬೇಕು. ಆಗುತ್ತಾ?"

ಅವರು ಆಗುತ್ತದೆ ಎಂದು ತಲೆಯಾಡಿಸಿದರು. ಆಗುವುದಿಲ್ಲ ಎಂದು ನನಗೆ ಗೊತ್ತಿತ್ತು, ಆದರೂ ಮಾಡಿದರು.

ಗುರುವಾರ ಮಧ್ಯಾಹ್ನ, ಶುಕ್ರವಾರ ಇಡೀ ದಿನ. ಇಲಿ ಒರೆಸಲು ನನ್ನನ್ನು ನೇಮಿಸಿದರು. ಇಲಿ ಎಂದರೆ ಮೂಗು ಮುರಿಯುತ್ತಿದ್ದವಳು ಎರಡು ದಿನದಲ್ಲಿ ನಲವತ್ತು ಬಾಲ ಒರೆಸಿದೆ. ಹಳದಿಯ ಮೂರನೆಯದು ಬಂತು, ನೆಟ್ಟಗೆ ಇಲಿಮಾವನ ಹತ್ತಿರ. ಗೋಡೆ ಕೆರೆಯಿತು. ಅವರು ಕೈ ಎರಡನ್ನೂ ತೊಡೆಯ ಕೆಳಗೆ ಇಟ್ಟುಕೊಂಡು, ಹಲ್ಲುಕಚ್ಚಿ, ಮೇಲಿನ ದೀಪ ನೋಡುತ್ತಾ ಕೂತರು. ಒಂಬತ್ತು ಬಂತು, ಸೋಮಾರಿ, ಅದೂ ಅವರ ಹತ್ತಿರವೇ. ಹದಿನಾಲ್ಕು ಬಂದಾಗ ಅವರು ಕಣ್ಣನ್ನೇ ಮುಚ್ಚಿಕೊಂಡರು. ಅರವತ್ತು ಸೆಕೆಂಡು ಎಂದರೆ ಎಷ್ಟು ಉದ್ದ ಎಂದು ಅವತ್ತು ನನಗೆ ತಿಳಿಯಿತು.

ಆಮೇಲೆ ನೀಲಿಯ ಸರದಿ. ಇಪ್ಪತ್ತೆರಡನೆಯದು ಮೊದಲು ಅವರತ್ತಲೇ ಹೊರಟಿತು. ಅರ್ಧ ದಾರಿಯಲ್ಲಿ ನಿಂತಿತು. ತಲೆಯನ್ನು ಆಚೆ ಈಚೆ ತಿರುಗಿಸಿ ಕಿಟಕಿ ನೋಡಿತು, ತ್ರಿಕೋನ ನೋಡಿತು. ಅವರಿಗೆ ಬೆನ್ನು ತಿರುಗಿಸಿ ಈಜಿ ಹೋಗಿ ಮಣೆ ಹತ್ತಿ ಕೂತು ಮೀಸೆ ಒರೆಸಿಕೊಂಡಿತು. ತನಗೆ ಬೆನ್ನು ತೋರಿಸಿದ ಇಲಿಯನ್ನು ನೋಡಿ ಇಲಿಮಾವ ಅಷ್ಟು ಹಿಗ್ಗಿದ್ದನ್ನು ನಾನು ಎಂದೂ ಕಂಡಿರಲಿಲ್ಲ.

ಶುಕ್ರವಾರ ಸಂಜೆಗೆ ಲೆಕ್ಕ ಹೀಗಿತ್ತು: ನೀಲಿಯ ಇಪ್ಪತ್ತರಲ್ಲಿ ಹದಿನೈದು ಮಣೆಗೆ, ಹಳದಿಯ ಇಪ್ಪತ್ತರಲ್ಲಿ ಹದಿನಾರು ಇಲಿಮಾವನ ಹತ್ತಿರ. ವ್ಯತ್ಯಾಸ ಸಿಕ್ಕಿತು, ಸರಿ. ಆದರೆ ನೀಲಿ ಎಂದರೆ ಏನು, ಹಳದಿ ಎಂದರೆ ಏನು? ಹಳದಿಯೇ ಹದಿನೇಳಾಗಿದ್ದರೆ ಔಷಧಿ ನೆನಪು ಕಟ್ಟುವ ಬದಲು ಕೆಡಿಸಿದೆ ಎಂದಾಗುತ್ತಿತ್ತು. ಲಕೋಟೆ ಸೋಮವಾರದವರೆಗೆ ಬೀರುವಿನಲ್ಲೇ. ಶನಿವಾರ, ಭಾನುವಾರ ನನ್ನ ಮನೆಯವರು ನನ್ನ ಸಿಡುಕು ತಡೆದುಕೊಂಡದ್ದಕ್ಕೆ ಅವರಿಗೆ ಪುಣ್ಯ ಬರಬೇಕು.

ಸೋಮವಾರ ಸಮಿತಿ ಹತ್ತು ಗಂಟೆಗೆ ಕೂತಿತು. ನಾನು ಒಂದೇ ಫ್ಲಾಸ್ಕನ್ನು ಮೂರು ಸಲ ತೊಳೆದೆ. ಇಲಿಮಾವ ನನ್ನ ಸಿಂಕಿನ ಪಕ್ಕದಲ್ಲೇ, ಹದಿನಾಲ್ಕನ್ನು ಕೋಟಿನ ಜೇಬಿನಲ್ಲಿ ಹಾಕಿಕೊಂಡು ನಿಂತಿದ್ದರು. ಅದು ನಿಯಮಕ್ಕೆ ವಿರುದ್ಧ. ಇನ್ನೊಂದು ನಿಯಮ ಮುರಿದರೆ ಏನಾಗುತ್ತದೆ ಎಂದು ನಾನೂ ಸುಮ್ಮನಿದ್ದೆ.

ಹನ್ನೆರಡಕ್ಕೆ ಹುಡುಗಿ ಓಡುತ್ತಾ ಬಂದಳು. ಉಸಿರು ಹಿಡಿದು ಮೊದಲಿನಿಂದ ಹೇಳಿದಳು. ಪರದೆ ಇಲ್ಲದ ಸಂಗತಿ ಕೇಳಿ ಪ್ರೊಫೆಸರು ಮೇಜು ಗುದ್ದಿದರಂತೆ. ಈ ವಾರವೇ ಪರದೆ ಬರಬೇಕು, ನಾಲ್ಕು ವರ್ಷದ ಲೆಕ್ಕವನ್ನೆಲ್ಲ ತಿರುಗಿ ನೋಡಬೇಕು ಎಂದರಂತೆ. ತಾನಾಗಿ ಬಂದು ಹೇಳಿದವರಿಗೆ ಶಿಕ್ಷೆ ಕೊಡುವಷ್ಟು ತಾನು ದಡ್ಡನಲ್ಲ ಎಂದೂ ಸೇರಿಸಿದರಂತೆ. ಆಮೇಲೆ ಹಳದಿಯ ಹದಿನಾರು ಕಾಗದಗಳನ್ನು ಒಂದರ ಮೇಲೊಂದು ಬೆಳಕಿಗೆ ಹಿಡಿದು ನೋಡಿದರಂತೆ. ಹದಿನಾರು ಗೆರೆಗಳೂ ಬಂದು ಕೂಡುವುದು ಗೋಡೆಯ ಒಂದೇ ಕಡೆ, ಅಲ್ಲಿ ಮಣೆಯೂ ಇಲ್ಲ, ಗುರುತೂ ಇಲ್ಲ. ಅಲ್ಲೇನಿತ್ತು, ದೀಪವೇ, ಕಿಟಕಿಯೇ ಎಂದು ಕೇಳಿದರಂತೆ.

"ಅಲ್ಲಿ ಇಲಿಮಾವ ಇದ್ರು ಸಾರ್, ಅಂದೆ," ಎಂದಳು ಹುಡುಗಿ.

ಆಮೇಲೆ ಲಕೋಟೆ ಒಡೆದರು. ನೀಲಿಯೇ ಹದಿನೇಳು. ಕೆಲಸ ಮುಂದುವರಿಯುತ್ತದೆ, ಪರದೆ ಕಟ್ಟಿ ಹೊಸ ಇಲಿಗಳ ಜೊತೆ ಎಲ್ಲವನ್ನೂ ಇನ್ನೊಮ್ಮೆ ಮಾಡಬೇಕು, ಮೆದುಳಿನ ಕಾವಲಿನ ವಿಷಯವನ್ನೂ ನೋಡಬೇಕು. ಅವಳು ಅಷ್ಟು ಹೇಳಿ ನನ್ನನ್ನು ತಬ್ಬಿಕೊಂಡಳು. ನನ್ನ ಒದ್ದೆ ಏಪ್ರನ್ನಿನಿಂದ ಅವಳ ಒಳ್ಳೆಯ ಬಟ್ಟೆಯೆಲ್ಲ ಹಾಳಾಯಿತು. ಹೊಸ ಇಲಿ ಯಾವಾಗ ತರಿಸೋಣ ಮಾವ ಎಂದು ಕೇಳಿ, ಉತ್ತರಕ್ಕೂ ಕಾಯದೆ ಹೋದಳು.

ಇಲಿಮಾವ ಜೇಬಿನಿಂದ ಹದಿನಾಲ್ಕನ್ನು ತೆಗೆದು ಅಂಗೈ ಮೇಲೆ ಕೂರಿಸಿಕೊಂಡರು. ಅದು ಅವರ ಹೆಬ್ಬೆರಳು ಮೂಸಿ ಅಲ್ಲೇ ಮುದುಡಿ ಕೂತಿತು.

"ಹಾಗಾದ್ರೆ ಇದಕ್ಕೆ ಕೊಟ್ಟಿದ್ದು ಬರೀ ಸಕ್ಕರೆ ನೀರು," ಎಂದರು. ಅದರ ಬೆನ್ನು ಸವರುತ್ತಾ ಹೇಳಿದರು, "ಔಷಧಿ ಕುಡಿದೋವಕ್ಕೆ ಮಣೆ ನೆನಪಿತ್ತು ತಂಗಿ. ಕುಡೀದೆ ಇರೋವಕ್ಕೆ ನಾನು ನೆನಪಿದ್ದೆ."

ಹಾಗೆಂದು ಕಪ್ಪು ಕನ್ನಡಕ ಮೇಲೆತ್ತಿ ಕಣ್ಣು ಉಜ್ಜಿಕೊಳ್ಳಲು ಹೋದರು. ಆಪರೇಷನ್ ಆದ ಕಣ್ಣನ್ನು ಉಜ್ಜಬಾರದು ಎಂದು ಡಾಕ್ಟರು ಹೇಳಿರಲಿಲ್ಲವೇ ಎಂದು ಗದರಿ, ನಾನೇ ನನ್ನ ಸೆರಗಿನಿಂದ ಮೆಲ್ಲಗೆ ಒತ್ತಿದೆ.